ಅಸೀಲಾ: ಬರೆದ ಗೋಡೆಗೆ ಮತ್ತೆ ಸುಣ್ಣ ಬಳಿಯುವ ಊರು

2030ರ ಫುಟ್‌ಬಾಲ್ ವಿಶ್ವಕಪ್ ಮೊರಾಕ್ಕೊ, ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ನಡೆಯಲಿದೆ. ಮೊರಾಕ್ಕೊದಲ್ಲಿ ಪಂದ್ಯ ನಡೆಯುವ ಊರುಗಳಲ್ಲಿ ಉತ್ತರ ತುದಿಯ ಟ್ಯಾಂಜಿಯರ್ ಒಂದು. ಅಲ್ಲಿಗೆ ಹೋಗುವ ಯೋಚನೆ ಮಾಡುವವರ ಪಟ್ಟಿಯಲ್ಲಿ ಈಗಾಗಲೇ ಇನ್ನೊಂದು ಹೆಸರು ಸೇರಿಕೊಳ್ಳುತ್ತಿದೆ: ಟ್ಯಾಂಜಿಯರ್‌ನಿಂದ ತೆಂಕಣಕ್ಕೆ ಸುಮಾರು 45 ಕಿಲೋಮೀಟರ್ ದೂರದ ಅಸೀಲಾ. ಬಿಳಿ ಗೋಡೆ, ನೀಲಿ ಬಾಗಿಲು, ಗೋಡೆ ತುಂಬ ಚಿತ್ರ, ಹಿಂದೆ ಅಟ್ಲಾಂಟಿಕ್ ಕಡಲು. ಫೋಟೊಗಳಲ್ಲಿ ಕಾಣುವುದು ಇಷ್ಟೇ. ಆದರೆ ಫೋಟೊದಲ್ಲಿ ನೋಡಿದ ಚಿತ್ರವನ್ನು ಹುಡುಕಿಕೊಂಡು ಹೋದವರಿಗೆ ಎಷ್ಟೋ ಸಲ ಅದು ಸಿಗುವುದೇ ಇಲ್ಲ. ಆ ಜಾಗದಲ್ಲಿ ಬೇರೆ ಚಿತ್ರ ಇರುತ್ತದೆ, ಇಲ್ಲವೇ ಬರೀ ಸುಣ್ಣ. ಏಕೆ ಹೀಗೆ ಎಂಬುದು ಗೊತ್ತಾದರೆ ಊರಿನ ಅರ್ಧ ಗೊತ್ತಾದಂತೆ.

ಮೊದಲು ಕೆಲವು ಪದಗಳು

ಅರಬ್ಬಿಯಲ್ಲಿ 'ಮದೀನಾ' ಎಂದರೆ ಊರು. ಮೊರಾಕ್ಕೊದಲ್ಲಿ ಆ ಪದವನ್ನು ಕೋಟೆಯೊಳಗಿನ ಹಳೇ ಪೇಟೆಗೆ ಬಳಸುತ್ತಾರೆ. 'ಬಾಬ್' ಎಂದರೆ ಹೆಬ್ಬಾಗಿಲು, 'ಬೊರ್ಜ್' ಎಂದರೆ ಬುರುಜು. ಕನ್ನಡದ ಬುರುಜು, ಮೊರಾಕ್ಕೊದ ಬೊರ್ಜ್ ಎರಡೂ ಒಂದೇ ಅರಬ್ಬಿ ಬೇರಿನವು. 'ದಾರ್' ಎಂದರೆ ನಡುವೆ ಅಂಗಳ ಬಿಟ್ಟು ಸುತ್ತ ಕೋಣೆ ಕಟ್ಟಿದ ಮನೆ. ನಮ್ಮ ತೊಟ್ಟಿ ಮನೆಯನ್ನು ನೆನೆಸಿಕೊಂಡರೆ ಸಾಕು. ಬೀದಿಗೆ ಕಾಣುವುದು ಗೋಡೆ, ಬಾಗಿಲು ಮಾತ್ರ. ಗಾಳಿ ಬೆಳಕೆಲ್ಲ ನಡು ಅಂಗಳದಿಂದ. ಆ ಅಂಗಳದಲ್ಲಿ ಗಿಡಮರಗಳ ತೋಟವಿದ್ದರೆ ಅದು 'ರಿಯಾದ್'. ವಸತಿಗೃಹಗಳು ತೋಟ ಇರಲಿ ಬಿಡಲಿ ರಿಯಾದ್ ಎಂದೇ ಬೋರ್ಡು ಹಾಕುತ್ತವೆ, ಅದು ಬೇರೆ ಮಾತು.

'ಮೌಸೆಮ್' ಎಂಬ ಪದವೂ ಬೇಕು. ಮೂಲದಲ್ಲಿ ಋತು ಎಂದರ್ಥ. ಬಳಕೆಯಲ್ಲಿ ಸಂತರ ಸಮಾಧಿಯ ಸುತ್ತ ವರ್ಷಕ್ಕೊಮ್ಮೆ ಸೇರುವ ಜಾತ್ರೆ, ನಮ್ಮ ಉರುಸಿನ ಹಾಗೆ. ಅಸೀಲಾದ ಕಲಾ ಹಬ್ಬಕ್ಕೆ ಇದೇ ಹೆಸರಿಟ್ಟಿದ್ದಾರೆ.

ಊರಿನ ಹೆಸರು ಪೋರ್ಚುಗೀಸರ ಬಾಯಲ್ಲಿ ಅರ್ಜೀಲಾ, ಸ್ಪೇನಿನವರ ಬಾಯಲ್ಲಿ ಅರ್ಸೀಲಾ. ಹಳೆಯ ನಕ್ಷೆ ನೋಡುವಾಗ ಈ ಮೂರೂ ಒಂದೇ ಊರು ಎಂಬುದು ನೆನಪಿರಲಿ.

ಕೋಟೆ ಗೋಡೆಯನ್ನು ಓದುವುದು

ಮದೀನಾವನ್ನು ಸುತ್ತಿರುವ ಗೋಡೆ ಪೋರ್ಚುಗೀಸರದು. 1471ರ ಆಗಸ್ಟ್‌ನಲ್ಲಿ ದೊರೆ ಐದನೇ ಅಫೊನ್ಸೊ ದೊಡ್ಡ ನೌಕಾಪಡೆಯೊಂದಿಗೆ ಬಂದು ಅಸೀಲಾವನ್ನು ಗೆದ್ದ. ಆ ಹೊತ್ತಿಗೆ ಊರಿನ ಒಡೆಯ ಮೊಹಮ್ಮದ್ ಅಲ್-ಶೇಖ್ ಊರಲ್ಲೇ ಇರಲಿಲ್ಲ. ರಾಜಧಾನಿ ಫೆಸ್ ನಗರವನ್ನು ಗೆಲ್ಲಲು ಹೋಗಿದ್ದ. ಅವನ ಕುಟುಂಬ ಪೋರ್ಚುಗೀಸರ ಕೈಗೆ ಸಿಕ್ಕಿತು. ಪುಟ್ಟ ಮಗನನ್ನು ಪೋರ್ಚುಗಲ್‌ಗೆ ಒಯ್ದು ವರ್ಷಗಟ್ಟಲೆ ಇಟ್ಟುಕೊಂಡರು. ಮುಂದೆ ಫೆಸ್‌ನ ಸುಲ್ತಾನನಾದ ಆ ಹುಡುಗನಿಗೆ 'ಅಲ್-ಬುರ್ತುಗಾಲಿ', ಅಂದರೆ ಪೋರ್ಚುಗೀಸ, ಎಂಬ ಅಡ್ಡಹೆಸರೇ ಅಂಟಿತು. 1508ರಲ್ಲಿ ಅವನು ಸೇನೆ ಕಟ್ಟಿಕೊಂಡು ಬಂದು ಅಸೀಲಾಕ್ಕೆ ಮುತ್ತಿಗೆ ಹಾಕಿದ. ಊರು ಬಹುಪಾಲು ಅವನ ಕೈಸೇರಿತು. ಒಳಕೋಟೆ ಮಾತ್ರ ಬೀಳಲಿಲ್ಲ. ಕಡಲ ಕಡೆಯಿಂದ ನೆರವು ಬಂದು ಪೋರ್ಚುಗೀಸರು ಉಳಿದುಕೊಂಡರು.

ಆ ಪೆಟ್ಟು ತಿಂದ ಮೇಲೆ ಗೋಡೆ ಗಟ್ಟಿ ಮಾಡಲು ಲಿಸ್ಬನ್‌ನಿಂದ ವಾಸ್ತುಶಿಲ್ಪಿ ದಿಯೊಗೊ ಬೊಯ್ತಾಕ್ ಬಂದ. ಲಿಸ್ಬನ್‌ನ ಪ್ರಸಿದ್ಧ ಜೆರೊನಿಮೊಸ್ ಮಠದ ಕೆಲಸ ಶುರುಮಾಡಿದವನೂ ಅವನೇ. ಗೋಡೆಯ ಆಕಾರಕ್ಕೆ ಕಾರಣ ಫಿರಂಗಿ. ಏಣಿ ಹಾಕಿ ಹತ್ತುವ ಕಾಲದಲ್ಲಿ ಗೋಡೆ ಎತ್ತರವಿದ್ದಷ್ಟೂ ಒಳ್ಳೆಯದಿತ್ತು. ಫಿರಂಗಿ ಬಂದ ಮೇಲೆ ಎತ್ತರದ ತೆಳು ಗೋಡೆ ಬರೀ ಗುರಿಹಲಗೆ. ಗುಂಡು ಬಿದ್ದರೆ ಮೇಲ್ಭಾಗ ಕುಸಿದು, ಬಿದ್ದ ಕಲ್ಲೇ ಶತ್ರುವಿಗೆ ಮೆಟ್ಟಿಲಾಗುತ್ತದೆ. ಆದ್ದರಿಂದ ಗೋಡೆಯನ್ನು ದಪ್ಪ ಮಾಡಿ, ಮೂಲೆಗಳಲ್ಲಿ ಕೊತ್ತಲಗಳನ್ನು ಹೊರಚಾಚಿ ಕಟ್ಟಿದರು. ಕೊತ್ತಲದ ಮೇಲೆ ಇಟ್ಟ ಫಿರಂಗಿ ಎರಡು ಬದಿಯ ಗೋಡೆಗುಂಟ ಗುಂಡು ಹಾರಿಸಬಲ್ಲದು. ಗೋಡೆಯ ಬುಡಕ್ಕೆ ಬಂದವನಿಗೆ ಅಡಗಲು ಮರೆಯೇ ಇರುವುದಿಲ್ಲ. ನೈಋತ್ಯ ಮೂಲೆಯಲ್ಲಿ ಬಂಡೆಗಳ ಮೇಲೆ ಕಡಲಿಗೆ ಚಾಚಿರುವ ಕಟ್ಟೆಯ ಮೇಲೆ ನಿಂತು ಹಿಂದಿರುಗಿ ನೋಡಿದರೆ ಈ ಲೆಕ್ಕಾಚಾರ ಕಣ್ಣಿಗೇ ಕಾಣುತ್ತದೆ. ಊರವರು ಅದನ್ನು 'ಕ್ರೀಕಿಯಾ' ಎನ್ನುತ್ತಾರೆ. ಪೋರ್ಚುಗೀಸ್ ಕೋಟೆಗಳಲ್ಲಿ ಹೀಗೆ ನೀರಿನ ಕಡೆ ಚಾಚಿದ ಭಾಗಕ್ಕೆ 'ಕೊರಾಸಾ' ಎಂಬ ಹೆಸರಿದೆ. ನೆಲದ ಕಡೆಯಿಂದ ಮುತ್ತಿಗೆ ಬಿದ್ದಾಗ ಅನ್ನ, ಮದ್ದುಗುಂಡು, ಜನ ಎಲ್ಲವೂ ಹಡಗಿನಲ್ಲೇ ಬರಬೇಕು. ಹಡಗು ತಲುಪುವ ದಾರಿ ಕಾಯುವುದು ಅದರ ಕೆಲಸ.

ಮದೀನಾದೊಳಗಿನ ಚೌಕ ಗೋಪುರ 'ಬೊರ್ಜ್ ಅಲ್-ಕಮ್ರಾ' ಅದೇ ಕಾಲದ್ದು. ಹೊರಗೋಡೆ ಬಿದ್ದರೂ ಕೊನೆಗೆ ಸೇರಿಕೊಳ್ಳಲು ಇರುವ ಜಾಗ ಅದು. ನೆಲದ ಕಡೆಯ ಹೆಬ್ಬಾಗಿಲು 'ಬಾಬ್ ಹೋಮರ್' ನೆತ್ತಿಯಲ್ಲಿ ಪೋರ್ಚುಗಲ್‌ನ ರಾಜಲಾಂಛನ ಇಂದಿಗೂ ಇದೆ, ಸವೆದುಹೋಗಿದೆ. ಸಂಜೆಯ ಓರೆ ಬೆಳಕಲ್ಲಿ ಮಾತ್ರ ಗೆರೆಗಳು ಕಾಣುತ್ತವೆ. ಬಹಳ ಮಂದಿ ತಲೆ ಎತ್ತದೆ ಕೆಳಗೆ ಹಾದುಹೋಗುತ್ತಾರೆ.

1471ರ ಮುತ್ತಿಗೆಯನ್ನು ಕಣ್ಣಾರೆ ನೋಡುವ ಆಸೆಯಿದ್ದರೆ ಸ್ಪೇನಿನ ಪಾಸ್ತ್ರಾನಾ ಎಂಬ ಸಣ್ಣ ಊರಿನ ಇಗರ್ಜಿಗೆ ಹೋಗಬೇಕು. ಆ ಯುದ್ಧದ ಬಗ್ಗೆ ಅದೇ ದಶಕದಲ್ಲಿ ನೇಯಿಸಿದ ದೈತ್ಯ ಉಣ್ಣೆ-ರೇಷ್ಮೆ ಪರದೆಗಳು ಅಲ್ಲಿವೆ. ಒಂದೊಂದೂ ಸುಮಾರು 11 ಮೀಟರ್ ಅಗಲ, 4 ಮೀಟರ್ ಎತ್ತರ. ಮೂರರಲ್ಲಿ ಅಸೀಲಾದ ಯುದ್ಧ, ಒಂದರಲ್ಲಿ ಟ್ಯಾಂಜಿಯರ್.

ನಮ್ಮ ಕರಾವಳಿಗೂ ಈ ಕಡಲಿಗೂ ಇರುವ ಒಂದು ಎಳೆ

ಕಡಲಂಚಿನಲ್ಲಿ ಕೋಟೆ ಕಟ್ಟಿ ವ್ಯಾಪಾರ ಹಿಡಿಯುವ ಪಾಠವನ್ನು ಪೋರ್ಚುಗೀಸರು ಮೊದಲು ಕಲಿತದ್ದು ಮೊರಾಕ್ಕೊದ ತೀರದಲ್ಲಿ. ಅದೇ ಕ್ರಮವನ್ನು ಆಮೇಲೆ ಗೋವಾದಲ್ಲಿ, ಕನ್ನಡ ಕರಾವಳಿಯಲ್ಲಿ ನಡೆಸಿದರು. ಆದರೆ ಕೋಟೆ ಹೆಚ್ಚಿದಂತೆ ಖರ್ಚೂ ಹೆಚ್ಚಿತು. ಬೊಕ್ಕಸ ತಾಳದೆ 1550ರ ಹೊತ್ತಿಗೆ ಅಸೀಲಾವನ್ನು ತಾವಾಗಿಯೇ ಬಿಟ್ಟುಹೋದರು.

1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಪೋರ್ಚುಗೀಸರು ನೆಲೆಯೂರಿದಾಗ ಲಿಸ್ಬನ್‌ನ ಗದ್ದುಗೆಯಲ್ಲಿದ್ದವನು ಸೆಬಾಸ್ಟಿಯನ್ ಎಂಬ ಹದಿಹರೆಯದ ದೊರೆ. ಅವನೇ 1578ರಲ್ಲಿ, ಆ ಹೊತ್ತಿಗೆ ಮತ್ತೆ ಪೋರ್ಚುಗೀಸರ ಕೈಸೇರಿದ್ದ ಅಸೀಲಾದಿಂದ, ಸೇನೆಯನ್ನು ಒಳನಾಡಿಗೆ ನಡೆಸಿದ. ಆಗಸ್ಟ್ 4ರಂದು ವಾದಿ ಅಲ್-ಮಖಾಜಿನ್ ಹೊಳೆಯ ಬಳಿ ನಡೆದ ಯುದ್ಧದಲ್ಲಿ ಅವನೂ ಸೇರಿ ಮೂವರು ಅರಸರು ಸತ್ತರು. ಮೊರಾಕ್ಕೊದಲ್ಲಿ ಅದು 'ಮೂವರು ದೊರೆಗಳ ಯುದ್ಧ'. ಸೆಬಾಸ್ಟಿಯನ್‌ಗೆ ಮಕ್ಕಳಿರಲಿಲ್ಲ. ಎರಡೇ ವರ್ಷದಲ್ಲಿ ಪೋರ್ಚುಗಲ್ ಸ್ಪೇನಿನ ಅರಸನ ಕೈಸೇರಿತು. ಗೋವಾ, ಮಂಗಳೂರುಗಳ ಕೋಟೆಗಳಿಗೂ ಒಡೆಯ ಬದಲಾದ.

ರೈಸೂನಿಯ ಅರಮನೆ

1691ರಲ್ಲಿ ಸುಲ್ತಾನ ಮೌಲೆ ಇಸ್ಮಾಯಿಲ್ ಊರನ್ನು ಸ್ಪೇನಿನವರಿಂದ ಮರಳಿ ಗೆದ್ದ. ಆಮೇಲಿನ ಎರಡು ಶತಮಾನ ಸದ್ದಿಲ್ಲದೆ ಕಳೆದವು. ಸದ್ದು ಮಾಡಿದವನು ಮೌಲೆ ಅಹ್ಮದ್ ಅಲ್-ರೈಸೂನಿ. ಸುತ್ತಲ ಗುಡ್ಡಗಾಡಿನ ಜನರಿಗೆ ನಾಯಕ, ಸುಲ್ತಾನನ ಪಾಲಿಗೆ ಬಂಡುಕೋರ, ವಿದೇಶಿಯರ ಪಾಲಿಗೆ ದರೋಡೆಕೋರ. 1904ರಲ್ಲಿ ಟ್ಯಾಂಜಿಯರ್‌ನ ಮನೆಯಿಂದ ಐಯನ್ ಪೆರ್ಡಿಕಾರಿಸ್ ಎಂಬ ಶ್ರೀಮಂತನನ್ನು ಹೊತ್ತೊಯ್ದ. ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಯುದ್ಧನೌಕೆಗಳನ್ನೇ ಕಳಿಸಿದರು. ಕೊನೆಗೆ ಸುಲ್ತಾನ 70,000 ಡಾಲರ್ ಒತ್ತೆಹಣ ತೆತ್ತು, ಅಧಿಕಾರವನ್ನೂ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಅವನು 1909ರಲ್ಲಿ ಕಡಲಿಗೆ ಮುಖಮಾಡಿ ಕಟ್ಟಿಸಿದ ಅರಮನೆ ಮದೀನಾದೊಳಗಿದೆ. ಹೊರಗಿನಿಂದ ಸಾದಾ ಬಿಳಿ ಗೋಡೆ, ವೈಭವವೆಲ್ಲ ಒಳಗೆ. ಇಲ್ಲಿ ಗಮನಿಸಬೇಕಾದದ್ದು 'ಜೆಲ್ಲೀಜ್', ಅಂದರೆ ಮೆರುಗು ಹೆಂಚಿನ ಚೂರುಗಳ ಜೋಡಣೆ. ಮೊದಲು ಒಂದೊಂದು ಬಣ್ಣದ ಚೌಕ ಹೆಂಚು ಸುಡುತ್ತಾರೆ. ಅದರ ಮೇಲೆ ಆಕಾರ ಗುರುತಿಸಿ, ಭಾರದ ಚೂಪು ಸುತ್ತಿಗೆಯಿಂದ ನಕ್ಷತ್ರ, ಪಟ್ಟಿ, ಅಷ್ಟಕೋನಗಳನ್ನು ಕೈಯಲ್ಲೇ ಕಡಿಯುತ್ತಾರೆ. ಚೂರಿನ ಹಿಂಬದಿಯ ಅಂಚನ್ನು ಒಳಕ್ಕೆ ಓರೆಯಾಗಿ ಕೆತ್ತುತ್ತಾರೆ. ಆಗ ಮುಂಬದಿಯಲ್ಲಿ ಸಂದಿಲ್ಲದೆ ಕೂಡುತ್ತವೆ, ಹಿಂದೆ ಗಾರೆ ಹಿಡಿಯಲು ಜಾಗವಿರುತ್ತದೆ. ಜೋಡಿಸುವವನು ಚೂರುಗಳನ್ನು ಬಣ್ಣದ ಮುಖ ಕೆಳಗೆ ಮಾಡಿ ಇಡುತ್ತಾನೆ. ವಿನ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ನೆನಪಲ್ಲೇ ನಡೆಯಬೇಕು. ಮೇಲೆ ಗಾರೆ ಸುರಿದು ಒಣಗಿದ ಮೇಲೆ ಫಲಕ ಎತ್ತಿ ಗೋಡೆಗೆ ಕೂರಿಸುತ್ತಾರೆ. ಆಗಲೇ ತಪ್ಪು ಒಪ್ಪು ತಿಳಿಯುವುದು.

ಅರಮನೆ ಈಗ ಸಂಸ್ಕೃತಿ ಭವನ. ಹಬ್ಬದ ದಿನಗಳಲ್ಲಿ ಕಲಾವಿದರು ಅಲ್ಲೇ ಕೆಲಸ ಮಾಡುತ್ತಾರೆ. ಉಳಿದ ದಿನಗಳಲ್ಲಿ ತೆರೆದಿರುತ್ತದೆ ಎಂಬ ಖಾತರಿ ಇಲ್ಲ. ಬಾಗಿಲು ಹಾಕಿದ್ದರೆ ಬೇಸರಪಡದೆ, ಸಂಜೆ ಅಥವಾ ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡುವುದು ಒಳ್ಳೆಯದು.

1978: ಚರಂಡಿಯ ಸಮಸ್ಯೆಗೆ ಬಣ್ಣದ ಮದ್ದು

1912ರ ನಂತರ ಉತ್ತರ ಮೊರಾಕ್ಕೊ ಸ್ಪೇನಿನ ಆಡಳಿತಕ್ಕೆ ಒಳಪಟ್ಟಿತ್ತು. 1956ರಲ್ಲಿ ಸ್ವಾತಂತ್ರ್ಯ ಬಂತು. ಅದಾದ ಎರಡು ದಶಕಗಳಲ್ಲಿ ಅಸೀಲಾ ಬಡ ಮೀನುಗಾರರ ಊರಾಗಿ ಉಳಿಯಿತು. ಗೋಡೆ ಕುಸಿಯುತ್ತಿತ್ತು, ಕಸ ಬಿದ್ದಲ್ಲೇ ಕೊಳೆಯುತ್ತಿತ್ತು, ನೀರು-ಚರಂಡಿ ವ್ಯವಸ್ಥೆ ಹದಗೆಟ್ಟಿತ್ತು.

ಊರಿನವರೇ ಆದ ಇಬ್ಬರು ಮುಂದೆ ಬಂದರು. ಒಬ್ಬರು ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿ ಬಂದಿದ್ದ ಮೊಹಮ್ಮದ್ ಬೆನೈಸಾ. ಇನ್ನೊಬ್ಬರು ಚಿತ್ರಕಾರ ಮೊಹಮ್ಮದ್ ಮೆಲೆಹಿ. ಮೆಲೆಹಿ ಮತ್ತು ಕಾಸಾಬ್ಲಾಂಕಾ ಕಲಾಶಾಲೆಯ ಗೆಳೆಯರಾದ ಫರೀದ್ ಬೆಲ್ಕಾಹಿಯಾ, ಮೊಹಮ್ಮದ್ ಶಬಾ ಮೊದಲಾದವರು 1969ರಲ್ಲೇ ಮರಾಕೆಶ್‌ನ ಸಂತೆಮಾಳ ಜಮಾ ಅಲ್-ಫನಾದಲ್ಲಿ, ಬಿಸಿಲಲ್ಲೇ, ತಮ್ಮ ಚಿತ್ರಗಳನ್ನು ನೇತುಹಾಕಿ ತೋರಿಸಿದ್ದರು. ಚಿತ್ರ ನೋಡಲು ಜನ ಗ್ಯಾಲರಿಗೆ ಬರುವುದಿಲ್ಲ ಎಂದಾದರೆ ಚಿತ್ರವೇ ಜನರಿದ್ದಲ್ಲಿಗೆ ಹೋಗಲಿ ಎಂಬುದು ಅವರ ತರ್ಕ. ಮೆಲೆಹಿಯ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಬಣ್ಣದ ಅಲೆಗಳು ಅಸೀಲಾದ ಗೋಡೆಗೂ ಬಂದವು.

1978ರ ವಸಂತದಲ್ಲಿ 11 ಮಂದಿ ಮೊರಾಕ್ಕೊ ಕಲಾವಿದರು ಮದೀನಾದ ಗೋಡೆಗಳ ಮೇಲೆ ಚಿತ್ರ ಬರೆದರು. ಆ ಬೇಸಿಗೆಯಲ್ಲಿ ಮೊದಲ ಮೌಸೆಮ್ ನಡೆಯಿತು. ನ್ಯೂಯಾರ್ಕ್‌ನ ಮುದ್ರಣಕಲಾವಿದ ರಾಬರ್ಟ್ ಬ್ಲ್ಯಾಕ್‌ಬರ್ನ್ ಇಲ್ಲಿ ಅಚ್ಚುಚಿತ್ರದ ಕಾರ್ಯಾಗಾರ ನೆಲೆಗೊಳ್ಳಲು ನೆರವಾದರು.

ಬಣ್ಣದಿಂದ ಚರಂಡಿ ಹೇಗೆ ಸರಿಹೋಗುತ್ತದೆ? ಚಿತ್ರ ಬರೆಯಬೇಕಾದರೆ ಮೊದಲು ಗೋಡೆ ರಿಪೇರಿಯಾಗಬೇಕು. ಗೋಡೆ ರಿಪೇರಿಯಾಗಬೇಕಾದರೆ ಅದರ ಬುಡದ ಕಸ ಎತ್ತಬೇಕು, ನಿಂತ ನೀರು ಹರಿಸಬೇಕು. ಒಬ್ಬರ ಮನೆ ಗೋಡೆಗೆ ಚಿತ್ರ ಬಂದ ಮೇಲೆ ಪಕ್ಕದ ಮನೆಯವರಿಗೂ ತಮ್ಮ ಗೋಡೆ ಕಣ್ಣಿಗೆ ಬೀಳುತ್ತದೆ. ನೋಡಲು ಹೊರಗಿನವರು ಬಂದರೆ ಊರಿಗೆ ನಾಲ್ಕು ಕಾಸು, ಜೊತೆಗೆ ಸರಕಾರದ ಗಮನ. ಬೆನೈಸಾ ಮುಂದೆ ಊರಿನ ಮೇಯರ್, ದೇಶದ ಸಂಸ್ಕೃತಿ ಸಚಿವ, 1999ರಿಂದ 2007ರವರೆಗೆ ವಿದೇಶಾಂಗ ಸಚಿವರಾದದ್ದೂ ಊರಿಗೆ ಅನುಕೂಲವಾಯಿತು. 1989ರಲ್ಲಿ ಅಸೀಲಾದ ಪುನರುಜ್ಜೀವನಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಸಾಮಾನ್ಯವಾಗಿ ಒಂದು ಕಟ್ಟಡಕ್ಕೋ ಯೋಜನೆಗೋ ಸಿಗುವ ಪ್ರಶಸ್ತಿ ಇಲ್ಲಿ ಇಡೀ ಊರಿನ ಪಾಲಾಯಿತು. ಮೆಲೆಹಿ 2020ರಲ್ಲಿ, ಬೆನೈಸಾ 2025ರಲ್ಲಿ ತೀರಿಕೊಂಡರು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಊರು ಚೆಂದವಾದಂತೆ ಮನೆಗಳ ಬೆಲೆ ಏರಿತು. ಹೊರಗಿನವರು, ವಿದೇಶಿಯರು ಮನೆ ಕೊಂಡರು. ಅವರು ಬರುವುದು ರಜೆಗೆ ಮಾತ್ರ. ಚಳಿಗಾಲದಲ್ಲಿ ಕೆಲವು ಓಣಿಗಳಲ್ಲಿ ಬಾಗಿಲುಗಳೆಲ್ಲ ಬೀಗ ಹಾಕಿರುತ್ತವೆ.

ಚಿತ್ರ ಏಕೆ ಉಳಿಯುವುದಿಲ್ಲ

ಎರಡು ಕಾರಣ: ಒಂದು ಸಂಪ್ರದಾಯ, ಇನ್ನೊಂದು ಉಪ್ಪು.

ಸಂಪ್ರದಾಯ ಸರಳ. ಹೊಸ ಮೌಸೆಮ್‌ಗೆ ಹೊಸ ಕಲಾವಿದರು ಬರುತ್ತಾರೆ, ಅವರಿಗೆ ಗೋಡೆ ಬೇಕು. ಹಳೆಯದರ ಮೇಲೆ ಬಿಳಿ ಬಳಿಯುತ್ತಾರೆ. ಅಂಗಳದ ರಂಗೋಲಿಯನ್ನು ಮರುದಿನ ಬೆಳಗ್ಗೆ ನೀರು ಹಾಕಿ ಗುಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಪ್ಪಿನ ಕತೆ ಸ್ವಲ್ಪ ಉದ್ದ. ಮದೀನಾದ ಬಿಳಿ ಬಣ್ಣದ ಮೂಲ ಸುಣ್ಣ, ಅಲ್ಲಿಯವರ ಮಾತಿನಲ್ಲಿ 'ಜೀರ್'. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು, ನೀರಲ್ಲಿ ಅರಳಿಸಿ, ಹಾಲಿನಷ್ಟು ತೆಳು ಮಾಡಿ ಎರಡು ಮೂರು ಸಲ ಬಳಿಯುತ್ತಾರೆ. ಗೋಡೆಯ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಈ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಗೋಡೆಯೊಳಗಿನ ತೇವ ಆವಿಯಾಗಿ ಹೊರಗೆ ಹೋಗಬಲ್ಲದು.

ಕಡಲ ಪಕ್ಕದ ಗೋಡೆಗೆ ತೇವ ಎರಡು ಕಡೆಯಿಂದ ಬರುತ್ತದೆ: ಗಾಳಿಯಲ್ಲಿ ಹಾರಿಬರುವ ತುಂತುರು, ನೆಲದಿಂದ ಮೇಲೇರುವ ನೀರು. ಎರಡರಲ್ಲೂ ಉಪ್ಪಿರುತ್ತದೆ. ನೀರು ಆವಿಯಾದಾಗ ಉಪ್ಪು ಗೋಡೆಯಲ್ಲೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಸುಣ್ಣವಾದರೆ ಪುಡಿಪುಡಿಯಾಗಿ ಉದುರುತ್ತದೆ, ಮುಂದಿನ ವರ್ಷ ಮತ್ತೆ ಬಳಿದರಾಯಿತು. ಆದರೆ ಗೋಡೆಚಿತ್ರಕ್ಕೆ ಈಗ ಹೆಚ್ಚಾಗಿ ಬಳಸುವ ಅಕ್ರಿಲಿಕ್ ಬಣ್ಣ ಒಂದು ಬಗೆಯ ಪ್ಲಾಸ್ಟಿಕ್ ಪೊರೆ. ಆವಿ ಹೊರಗೆ ಹೋಗಲಾರದೆ ಪೊರೆಯ ಹಿಂದೆ ನಿಲ್ಲುತ್ತದೆ. ಮೊದಲು ಗುಳ್ಳೆ, ಆಮೇಲೆ ಬಿರುಕು, ಕೊನೆಗೆ ಹಾಳೆಯಂತೆ ಕಿತ್ತುಬರುತ್ತದೆ. ಹಾನಿ ಹೆಚ್ಚು ಕಾಣುವುದು ಗೋಡೆಯ ಕೆಳಗಿನ ಒಂದು ಮೀಟರಿನಲ್ಲಿ, ಏಕೆಂದರೆ ನೆಲದ ನೀರು ಏರುವುದು ಅಷ್ಟರವರೆಗೆ. ಇದನ್ನು ತಡೆಯಲು ಸಿಮೆಂಟ್ ಗಾರೆ ಹಾಕಿದರೆ ತೇವ ಇನ್ನೂ ಮೇಲಕ್ಕೆ ಹುಡುಕಿಕೊಂಡು ಹೋಗುತ್ತದೆ. ಮಂಗಳೂರು, ಕಾರವಾರದ ಹಳೆಯ ಮನೆಗೆ ಸಿಮೆಂಟ್ ಬಳಿಸಿ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದವರಿಗೆ ಈ ಗುಳ್ಳೆಗಳ ಪರಿಚಯ ಇರುತ್ತದೆ.

ಹಾಗಾಗಿ ಚಿತ್ರ ನೋಡುವಾಗ ಮೂರು ಅಡಿ ಎತ್ತರದ ಕೆಳಗೂ ಕಣ್ಣು ಹಾಯಿಸಿ. ಅಂಚು ಇನ್ನೂ ಚೂಪಾಗಿದ್ದರೆ ಈ ವರ್ಷದ್ದು, ಸಿಪ್ಪೆ ಏಳುತ್ತಿದ್ದರೆ ಅದರ ದಿನ ಮುಗಿಯುತ್ತಾ ಬಂದಿದೆ.

ಯಾವಾಗ ಹೋಗಬೇಕು

ಮೌಸೆಮ್‌ನ ವಾಡಿಕೆಯ ಕಾಲ ಜುಲೈ-ಆಗಸ್ಟ್. ಈಚಿನ ವರ್ಷಗಳಲ್ಲಿ ಅದನ್ನು ಬೇಸಿಗೆ, ಶರತ್ಕಾಲ ಎಂದು ಹಂಚಿ ನಡೆಸಿದ್ದೂ ಉಂಟು. ದಿನಾಂಕ ನೋಡದೆ ವಿಮಾನದ ಟಿಕೆಟ್ ಕೊಳ್ಳಬೇಡಿ. ಕಲಾವಿದರು ಬರೆಯುವುದನ್ನೇ ನೋಡಬೇಕಾದರೆ ಆ ವಾರಗಳೇ ಬೇಕು, ಆದರೆ ಜನಜಂಗುಳಿ ವಿಪರೀತ, ಕೋಣೆಯೂ ದುಬಾರಿ. ಚಿತ್ರ ಹೊಸದಾಗಿರಬೇಕು, ಊರು ಖಾಲಿಯಿರಬೇಕು ಎನ್ನುವವರಿಗೆ ಸೆಪ್ಟೆಂಬರ್ ಸರಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಹಳೆಯ ಮನೆಗಳಲ್ಲಿ ಚಳಿಕಾಯಿಸುವ ವ್ಯವಸ್ಥೆ ಕಡಿಮೆ, ಹೊದಿಕೆಯೂ ತೇವವಾಗಿರುತ್ತದೆ.

ರಂಜಾನ್ ತಿಂಗಳಲ್ಲಿ ಹಗಲು ಹೋಟೆಲುಗಳು ಬಹುಪಾಲು ಮುಚ್ಚಿರುತ್ತವೆ. ಮೊರಾಕ್ಕೊದ ಗಡಿಯಾರವನ್ನು ಆ ತಿಂಗಳು ಒಂದು ಗಂಟೆ ಹಿಂದಕ್ಕೆ ಇಡುವ ಪದ್ಧತಿಯೂ ಇದೆ. ಭಾರತಕ್ಕಿಂತ ಉಳಿದ ದಿನ ನಾಲ್ಕೂವರೆ ಗಂಟೆ ಹಿಂದೆ, ರಂಜಾನ್‌ನಲ್ಲಿ ಐದೂವರೆ. ರೈಲು ತಪ್ಪಿಸಿಕೊಳ್ಳಲು ಇದಿಷ್ಟೇ ಸಾಕು.

ತಲುಪುವ ದಾರಿ

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು. ಮೊರಾಕ್ಕೊ ಸರಕಾರದ ಇ-ವೀಸಾ ತಾಣವಿದೆ. ಯಾರಿಗೆ ಯಾವ ಬಗೆಯದು ಸಿಗುತ್ತದೆ ಎಂಬ ಷರತ್ತನ್ನು ಅರ್ಜಿಯ ಮೊದಲು ಅಲ್ಲೇ ಓದಿಕೊಳ್ಳಿ. ಬೆಂಗಳೂರಿನಿಂದ ಹೋಗುವವರು ಕೊಲ್ಲಿ ದೇಶ ಅಥವಾ ಯುರೋಪಿನಲ್ಲಿ ವಿಮಾನ ಬದಲಿಸಿ ಕಾಸಾಬ್ಲಾಂಕಾ ಸೇರುವುದು ಸಾಮಾನ್ಯ. ಯುರೋಪಿನಲ್ಲಿರುವ ಕನ್ನಡಿಗರಿಗೆ ಇನ್ನೊಂದು ದಾರಿ: ಸ್ಪೇನಿನ ತಾರಿಫಾದಿಂದ ಹಡಗು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಟ್ಯಾಂಜಿಯರ್ ಪೇಟೆ ಬಂದರು. ಷೆಂಗೆನ್ ವೀಸಾದಲ್ಲಿ ಬಂದವರು ಮರಳಿ ಸ್ಪೇನ್‌ಗೆ ಹೋಗಬೇಕಾದರೆ ಅದು ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾ ಆಗಿರಬೇಕು. ಇಲ್ಲದಿದ್ದರೆ ಮರಳುವಾಗ ಗಡಿಯಲ್ಲೇ ತಡೆಯುತ್ತಾರೆ.

2018ರಿಂದ ಓಡುತ್ತಿರುವ ಅತಿವೇಗದ ರೈಲು 'ಅಲ್ ಬೊರಾಕ್' ಕಾಸಾಬ್ಲಾಂಕಾದಿಂದ ಟ್ಯಾಂಜಿಯರ್‌ಗೆ ಎರಡು ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತದೆ. ಜನ ಎಡವುವುದು ಇಲ್ಲೇ: ಅದು ಅಸೀಲಾದಲ್ಲಿ ನಿಲ್ಲುವುದಿಲ್ಲ. ಒಂದೋ ಟ್ಯಾಂಜಿಯರ್‌ವರೆಗೆ ಹೋಗಿ ಸಾಮಾನ್ಯ ರೈಲಿನಲ್ಲಿ ಹಿಂದಕ್ಕೆ ಬರಬೇಕು, ಇಲ್ಲವೇ ಮೊದಲಿನಿಂದಲೇ ಅಸೀಲಾದಲ್ಲಿ ನಿಲ್ಲುವ ಸಾಮಾನ್ಯ ರೈಲು ಹಿಡಿಯಬೇಕು. ಟ್ಯಾಂಜಿಯರ್‌ನಿಂದ ರೈಲಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಅಸೀಲಾ ನಿಲ್ದಾಣ ಮದೀನಾದಿಂದ ಸುಮಾರು 2 ಕಿಲೋಮೀಟರ್ ಉತ್ತರಕ್ಕಿದೆ. ಚೀಲ ಹಗುರವಿದ್ದರೆ ಕಡಲ ಬದಿಯಲ್ಲೇ ನಡೆಯಬಹುದು, ಇಲ್ಲದಿದ್ದರೆ ಸಣ್ಣ ಟ್ಯಾಕ್ಸಿ.

'ಗ್ರ್ಯಾಂಡ್ ಟ್ಯಾಕ್ಸಿ' ಎಂಬುದು ನಮ್ಮಲ್ಲಿ ಹಳ್ಳಿ ಕಡೆ ಓಡುವ ಮ್ಯಾಕ್ಸಿಕ್ಯಾಬ್‌ನ ಅಣ್ಣ. ಊರಿಂದೂರಿಗೆ ನಿಗದಿತ ದರ, ಆರು ಸೀಟು ತುಂಬಿದರೆ ಹೊರಡುತ್ತದೆ. ಅವಸರವಿದ್ದರೆ ಖಾಲಿ ಸೀಟಿನ ದುಡ್ಡನ್ನೂ ನೀವೇ ಕೊಡಬೇಕು. ಸೀಟಿನ ದರ ಕೇಳುತ್ತಿದ್ದೇವೋ ಇಡೀ ಗಾಡಿಯದೋ ಎಂಬುದನ್ನು ಹತ್ತುವ ಮೊದಲೇ ಬಾಯಿಬಿಟ್ಟು ಸ್ಪಷ್ಟಪಡಿಸಿಕೊಳ್ಳಿ.

ಹಣ ದಿರ್‌ಹಮ್. ನಮ್ಮಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಯೂರೊ ಅಥವಾ ಡಾಲರ್ ಒಯ್ದು ಅಲ್ಲೇ ಬದಲಿಸಿ, ರಸೀತಿ ಇಟ್ಟುಕೊಳ್ಳಿ. ಉಳಿದ ದಿರ್‌ಹಮ್ ಮರಳಿ ಬದಲಿಸಲು ಅದನ್ನು ಕೇಳುತ್ತಾರೆ.

ಮದೀನಾದೊಳಗೆ ಅರ್ಧ ದಿನ

ಊರು ಚಿಕ್ಕದು. ಈ ಬಾಗಿಲಿಂದ ಆ ಗೋಡೆಗೆ ಕಾಲು ಗಂಟೆ ಸಾಕು, ದಾರಿ ತಪ್ಪಿದರೂ ಕೊನೆಗೆ ಕಡಲೋ ಕೋಟೆಯೋ ಅಡ್ಡ ಬರುತ್ತದೆ. ಆದ್ದರಿಂದ ಗೈಡ್ ಬೇಕು ಎಂದು ಯಾರಾದರೂ ಬೆನ್ನುಬಿದ್ದರೆ 'ಲಾ, ಶುಕ್ರನ್' ಎಂದು ಹೇಳಿ ನಡೆಯುತ್ತಿರಿ. ಬೇಡ, ವಂದನೆ ಎಂದರ್ಥ.

ಬೆಳಗ್ಗೆ ಎಂಟಕ್ಕೆ ಬಾಬ್ ಹೋಮರ್ ಮೂಲಕ ಒಳಹೊಕ್ಕರೆ ಓಣಿಗಳು ಖಾಲಿ. ನಡುಹಗಲಿನಲ್ಲಿ ಇಕ್ಕಟ್ಟಿನ ಓಣಿಯ ಒಂದು ಗೋಡೆ ಕಣ್ಣು ಕುಕ್ಕುವಷ್ಟು ಬಿಳಿ, ಎದುರಿನದು ಕಪ್ಪು ನೆರಳು. ಚಿತ್ರ ನೋಡಲೂ ಆಗದು, ಫೋಟೊವೂ ಸಿಗದು. ಬೆಳಗ್ಗೆ ಮೆತ್ತನೆಯ ಬೆಳಕಲ್ಲಿ ಗೋಡೆಚಿತ್ರ ನೋಡಿ, ರೈಸೂನಿ ಅರಮನೆಯ ಬಾಗಿಲು ತೆರೆದಿದೆಯೇ ವಿಚಾರಿಸಿ, ಅಲ್-ಕಮ್ರಾ ಗೋಪುರದತ್ತ ಬನ್ನಿ. ಹಬ್ಬದ ದಿನಗಳಾದರೆ ಬಾಬ್ ಅಲ್-ಕಸಬಾ ಬಳಿಯ ಎರಡನೇ ಹಸನ್ ಸಭಾಕೇಂದ್ರದಲ್ಲಿ ಪ್ರದರ್ಶನ ಇರುತ್ತದೆ. ಪಕ್ಕದ ದೊಡ್ಡ ಮಸೀದಿಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಮೊರಾಕ್ಕೊದಲ್ಲಿ ಬಹುಪಾಲು ಮಸೀದಿಗಳಿಗೆ ಇದೇ ನಿಯಮ.

ಸಂಜೆಗೆ ಕ್ರೀಕಿಯಾ. ಊರಿಗೆ ಊರೇ ಸೂರ್ಯ ಮುಳುಗುವುದನ್ನು ನೋಡಲು ಅಲ್ಲಿ ಸೇರುತ್ತದೆ. ಕೆಳಗೆ ಗೋಡೆಗಂಟಿದಂತೆ ಸಂತರೊಬ್ಬರ ಗುಮ್ಮಟವೂ, ಬಣ್ಣದ ಹೆಂಚು ಹೊದಿಸಿದ ಗೋರಿಗಳೂ ಕಾಣುತ್ತವೆ. ಅದನ್ನು ಮೇಲಿನಿಂದ ನೋಡುವುದು ಮಾತ್ರ. ಕಟ್ಟೆಗೆ ಅಲೆ ಅಪ್ಪಳಿಸುವ ದಿನ ಅಂಚಿನ ಕಲ್ಲು ಜಾರುತ್ತದೆ.

ಎರಡನೇ ದಿನವಿದ್ದರೆ ಒಳನಾಡಿನ ಮ್ಸೂರಾ ಕಲ್ಲುವೃತ್ತಕ್ಕೆ ಹೋಗಿಬನ್ನಿ. ದಿಬ್ಬವೊಂದರ ಸುತ್ತ 167 ನಿಲುಗಲ್ಲುಗಳು, ಎತ್ತರದ್ದು ಸುಮಾರು 5 ಮೀಟರ್. ಬೋರ್ಡು ಕಡಿಮೆ, ಬಸ್ಸಿಲ್ಲ. ಹೋಗಿ ಬರಲು, ಅಲ್ಲಿ ಕಾಯಲು ಸೇರಿಸಿ ಟ್ಯಾಕ್ಸಿ ದರ ಮಾತಾಡಿಕೊಳ್ಳಬೇಕು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮೀನು ತಿನ್ನುವವರಿಗೆ ಅಸೀಲಾ ಹಬ್ಬ. ಸಸ್ಯಾಹಾರಿಗಳು ಎಡವುವುದು ಸಾರಿನಲ್ಲಿ. ಶುಕ್ರವಾರದ ಕುಸ್‌ಕುಸ್ ಮೇಲೆ ಏಳು ಬಗೆ ತರಕಾರಿ ಕಂಡರೂ ಬೇಯಿಸಿದ್ದು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ. ಟೊಮೆಟೊ, ಬೇಳೆ, ಕಡಲೆ ಹಾಕಿದ ಹರೀರಾದಲ್ಲೂ ಮಾಂಸದ ಚೂರು ಇರಬಹುದು. 'ಮಾಂಸ ಇಲ್ಲ' ಎಂದರೆ ಮಾಂಸದ ತುಂಡು ತೆಗೆದು ಅದೇ ಸಾರು ಬಡಿಸುವುದೂ ಉಂಟು. 'ಬ್ಲಾ ಲ್ಹಮ್' ಎಂದರೆ ಮಾಂಸ ಬೇಡ, 'ಬ್ಲಾ ದ್ಜಾಜ್' ಎಂದರೆ ಕೋಳಿ ಬೇಡ, 'ಬ್ಲಾ ಹೂತ್' ಎಂದರೆ ಮೀನು ಬೇಡ. ಮೂರನ್ನೂ ಬಿಡಿಬಿಡಿಯಾಗಿ ಹೇಳಬೇಕು, ಏಕೆಂದರೆ ಅಲ್ಲಿ ಕೋಳಿ, ಮೀನು 'ಮಾಂಸ'ದ ಲೆಕ್ಕಕ್ಕೆ ಬರುವುದಿಲ್ಲ.

ನೆಚ್ಚಬಹುದಾದದ್ದು ಬಿಸ್ಸಾರಾ. ಒಣಗಿಸಿದ ಬಾಕ್ಲಾ (ಫಾವಾ ಬೀನ್ಸ್) ಕಾಳನ್ನು ಬೆಳ್ಳುಳ್ಳಿಯೊಂದಿಗೆ ಬೇಯಿಸಿ ನುಣ್ಣಗೆ ಮಾಡಿ, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಬೆಳಗಿನ ತಿಂಡಿಗೆ, ಅಗ್ಗದ ಅಂಗಡಿಗಳಲ್ಲಿ ಸಿಗುತ್ತದೆ. ದುಬಾರಿ ಹೋಟೆಲಿನಲ್ಲಿ ಹುಡುಕಬೇಡಿ. ಪದರ ಪದರದ ಚೌಕ ರೊಟ್ಟಿ ಮ್ಸೆಮ್ಮೆನ್ ನಮ್ಮ ಪರೋಟದ ಹತ್ತಿರದ ನೆಂಟ. ಬದನೆ-ಟೊಮೆಟೊ ಹಿಸುಕಿ ಮಾಡುವ ಜಾಲೂಕ್ ಎಣ್ಣೆಗಾಯಿ ಪ್ರಿಯರಿಗೆ ಒಗ್ಗುತ್ತದೆ. ಭಾಷೆಗೆ ಸಿಕ್ಕಿಹಾಕಿಕೊಂಡರೆ ಈ ಕಡೆ ಫ್ರೆಂಚ್‌ನಷ್ಟೇ ಸ್ಪ್ಯಾನಿಷ್ ಕೂಡ ನಡೆಯುತ್ತದೆ.

ಚಿತ್ರ ಕೊಳ್ಳುವವರಿಗೆ, ಕ್ಯಾಮೆರಾ ಒಯ್ಯುವವರಿಗೆ

ಡ್ರೋನ್ ಒಯ್ಯಬೇಡಿ. ಪರವಾನಗಿ ಇಲ್ಲದೆ ಮೊರಾಕ್ಕೊಗೆ ತರುವಂತಿಲ್ಲ, ಕಸ್ಟಮ್ಸ್‌ನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಗೋಡೆಯ ಫೋಟೊಗೆ ಯಾರೂ ಏನೂ ಅನ್ನುವುದಿಲ್ಲ, ಬಾಗಿಲಲ್ಲಿ ಕುಳಿತ ಹೆಂಗಸರ ಫೋಟೊಗೆ ಕೇಳಿಯೇ ಮುಂದುವರಿಯಿರಿ. ಅದು ಅವರ ಮನೆಯ ಹೊರಗೋಡೆ.

ಓಣಿಗಳಲ್ಲಿ ಕಲಾವಿದರ ಸಣ್ಣ ಅಂಗಡಿಗಳಿವೆ. ಬರೆದವರೇ ಮಾರುತ್ತಿದ್ದಾರೋ, ಬೇರೆಡೆಯಿಂದ ತರಿಸಿದ್ದೋ ತಿಳಿಯಲು ಅರೆಬರೆ ಬರೆದ ಚಿತ್ರ ಅಂಗಡಿಯಲ್ಲಿದೆಯೇ ನೋಡಿ. ಒಂದೇ ಚಿತ್ರ ಮೂರು ಅಂಗಡಿಯಲ್ಲಿ ಕಂಡರೆ ಅನುಮಾನಿಸಿ. ವಿಮಾನದಲ್ಲಿ ಒಯ್ಯಲು ಕಾಗದದ ಅಚ್ಚುಚಿತ್ರ ಸುಲಭ. ಕ್ಯಾನ್ವಾಸ್ ಆದರೆ ಚೌಕಟ್ಟಿನಿಂದ ಬಿಡಿಸಿ, ನುಣುಪು ಕಾಗದ ಹೊದಿಸಿ, ಬಣ್ಣದ ಮುಖ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಬೇಕು. ಒಳಗೆ ಮಾಡಿ ಸುತ್ತಿದರೆ ಬಣ್ಣ ಮಡಿಕೆಬಿದ್ದು ಸುಕ್ಕಾಗುತ್ತದೆ. ಎಣ್ಣೆ ಬಣ್ಣದ್ದಾದರೆ ಎಂದು ಬರೆದದ್ದೆಂದು ಕೇಳಿ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಪದರ ಒಣಗಲು ತಿಂಗಳುಗಳು ಬೇಕು. ಹೋದ ವಾರ ಬರೆದದ್ದನ್ನು ಸುತ್ತಿ ತಂದರೆ ಬೆಂಗಳೂರಿನಲ್ಲಿ ಬಿಚ್ಚುವಾಗ ಅರ್ಧ ಚಿತ್ರ ಕಾಗದಕ್ಕೇ ಅಂಟಿರುತ್ತದೆ.